ಗೋಡೆಯ ಹೊರಗಿನ ಕೂಸು

“ಸ್ವಾಮಿ, ಜ್ಞಾನಸ್ನಾನ ಆಗುವ ಮೊದಲೇ ತೀರಿಕೊಂಡ ಕೂಸು ಎಲ್ಲಿಗೆ ಹೋಗುತ್ತದೆ?”

ಕೇಳಿದವನು ಇನ್ನಾಸಪ್ಪ. ಗುರುದೀಕ್ಷೆ ಪಡೆದು ಪಾದ್ರಿಯಾಗಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಅವನ ಧರ್ಮಕೇಂದ್ರಕ್ಕೆ ಸೇರಿದ ಮನೆಯೊಂದರಲ್ಲಿ ಹಿಂದಿನ ದಿನ ಆರು ದಿನದ ಗಂಡುಮಗುವೊಂದು ಸತ್ತಿತ್ತು. ಅದರ ತಾಯಿ ಅವನನ್ನು ಇದೇ ಪ್ರಶ್ನೆ ಕೇಳಿದ್ದಳು. ನಾಳೆ ಬಂದು ಹೇಳುತ್ತೇನೆಂದು ಮಾತು ಕೊಟ್ಟು, ತನಗೆ ಪಾಠ ಹೇಳಿದ ರಾಯಪ್ಪಸ್ವಾಮಿಗಳ ಬಳಿಗೆ ಓಡಿ ಬಂದಿದ್ದ.

“ಪುಸ್ತಕದಲ್ಲಿ ಏನಿದೆ?” ಎಂದರು ಮುದಿ ಗುರುಗಳು.

“ಒಂದೊಂದರಲ್ಲಿ ಒಂದೊಂದು ಥರ ಇದೆ. ಆ ಕೂಸು ದೇವರ ಮುಖ ಕಾಣುವುದಿಲ್ಲ ಅನ್ನುತ್ತಾರೆ ಹಳಬರು. ದೇವರ ಕರುಣೆಗೆ ಒಪ್ಪಿಸಿಬಿಡಿ ಅನ್ನುತ್ತಾರೆ ಈಗಿನವರು. ಆಕೆ ಬಾಗಿಲಲ್ಲಿ ಕಾಯುತ್ತಿರುತ್ತಾಳೆ ಸ್ವಾಮಿ. ನನಗೊಂದು ಖಚಿತವಾದ ಮಾತು ಬೇಕು.”

“ಖಚಿತವಾದ ಮಾತಂತೆ! ಪೊಟ್ಟಣ ಕಟ್ಟಿಸಿಕೊಂಡು ಹೋಗುವುದಕ್ಕೆ ಬಂದಿದ್ದಾನೆ ಮಹಾರಾಯ. ಕೂತುಕೋ. ಖಚಿತವಾದ ಮಾತು ಹೇಳಿದವನೊಬ್ಬನ ಕತೆ ಹೇಳುತ್ತೇನೆ, ಕೇಳು.”

ಒಂದು ಊರಿನಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಮದುವೆಯಾದ ಒಂಬತ್ತು ವರ್ಷಕ್ಕೆ ಅವನಿಗೆ ಒಂದು ಹೆಣ್ಣುಮಗು ಹುಟ್ಟಿತು. ಅವರ ಮನೆತನದ ಪದ್ಧತಿಯಂತೆ, ಜ್ಞಾನಸ್ನಾನದ ದಿನ ಚೊಚ್ಚಲ ಮಗುವಿಗೆ ಜ್ಞಾನತಂದೆಯಾಗಿ ನಿಲ್ಲಬೇಕಾದವನು ಅದರ ತಂದೆಯ ಅಣ್ಣ. ಆತ ದೂರದ ಕಾಫಿ ತೋಟದಲ್ಲಿ ಮೇಸ್ತ್ರಿ. ಭಾನುವಾರ ಬರುತ್ತೇನೆಂದು ಹೇಳಿ ಕಳಿಸಿದ್ದ. ಊರಿನ ಪಾದ್ರಿ, ಕಾಯುವುದು ಬೇಡ, ಇವತ್ತೇ ಮಗುವನ್ನು ತನ್ನಿ ಎಂದರು. ಭಾವನವರು ಬೇಜಾರು ಮಾಡಿಕೊಳ್ಳುತ್ತಾರೆ, ನಾಲ್ಕು ದಿನ ತಾನೇ ಸ್ವಾಮಿ ಎಂದಳು ಬಾಣಂತಿ. ಅಷ್ಟೇ ನೋಡು. ಎಲ್ಲರ ಮನೆಯಲ್ಲೂ ಆಡುವ ಮಾತು.

ಶುಕ್ರವಾರ ಮಗು ಹಾಲು ಕುಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ತುಟಿ ನೀಲಿಗಟ್ಟಿತು. ಪಾದ್ರಿ ಬೇರೆ ಊರಿಗೆ ಪೂಜೆಗೆ ಹೋಗಿದ್ದರು. ಮಗು ಉಳಿಯುವಂತಿಲ್ಲದಿದ್ದರೆ ಯಾರು ಬೇಕಾದರೂ ಅದರ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು, ನಿನಗೆ ಗೊತ್ತಿರುವುದೇ. ಸೂಲಗಿತ್ತಿಗೂ ಗೊತ್ತಿತ್ತು. ಅವಳು ಒಂದು ಬಟ್ಟಲಲ್ಲಿ ನೀರು ತಂದಳು.

“ಹಾಕಿಬಿಡ್ತೀನಿ ಕಣವ್ವಾ. ತಡ ಮಾಡಬೇಡ.”

“ಸಾಯೋ ಮಕ್ಕಳಿಗೆ ಹಾಕೋ ನೀರು ಅದು. ನನ್ನ ಮಗು ಸಾಯಲ್ಲ. ತಗೊಂಡು ಹೋಗು ಆಚೆಗೆ!”

ತಾಯಿ ಬಟ್ಟಲನ್ನು ತಳ್ಳಿದಳು. ನೀರು ಚಾಪೆಯ ಮೇಲೆ ಚೆಲ್ಲಿತು. ತಲೆಗೆ ಆ ನೀರು ಬಿದ್ದರೆ ಮಗು ಸಾಯುತ್ತದೆಂದು ತಾನೇ ಒಪ್ಪಿಕೊಂಡಂತಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ದಡ್ಡತನ ಅನ್ನುತ್ತೀಯಾ? ಅನ್ನು. ನೀನು ಹೆತ್ತವನಲ್ಲ, ನಾನೂ ಅಲ್ಲ. ಸೂಲಗಿತ್ತಿ ಇನ್ನೊಂದು ಬಟ್ಟಲು ನೀರು ತರುವಷ್ಟರಲ್ಲಿ ಮಗುವಿನ ಉಸಿರು ನಿಂತಿತ್ತು.

ಜ್ಞಾನಸ್ನಾನವಾಗದ ಕೂಸುಗಳನ್ನು ಆ ಕಾಲದಲ್ಲಿ ಸಮಾಧಿಭೂಮಿಯ ಗೋಡೆಯ ಹೊರಗೆ ಹೂಳುತ್ತಿದ್ದರು. ಒಳಗಿನದು ಮಂತ್ರಿಸಿದ ಪವಿತ್ರ ನೆಲ. ಹೊರಗೆ ಶಿಲುಬೆ ನೆಡುವಂತಿಲ್ಲ, ಗಂಟೆ ಬಾರಿಸುವಂತಿಲ್ಲ. ಗಂಡನೇ ಗುಂಡಿ ತೋಡಿದ. ಭಾನುವಾರ ಅಣ್ಣ ಬಂದ. ಮಗುವಿಗೆಂದು ಬೆಳ್ಳಿಯ ಕಾಲ್ಗಡಗ ತಂದಿದ್ದ. ಅದನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಜೇಬಿನಲ್ಲೇ ಇಟ್ಟುಕೊಂಡು ವಾಪಸು ಹೋದ.

ವಾರ ಕಳೆದ ಮೇಲೆ ತಾಯಿ ಪಾದ್ರಿಯ ಬಳಿಗೆ ಬಂದಳು. ಅವರು ಒಳ್ಳೆಯವರು, ಓದಿದವರು, ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಅದೇ ಬಂತು ನೋಡು ಕಷ್ಟ.

“ನನ್ನ ಮಗು ಎಲ್ಲಿದೆ ಸ್ವಾಮಿ?”

“ಅದಕ್ಕೆ ನೋವಿಲ್ಲ ತಾಯಿ. ಹಸಿವಿಲ್ಲ, ಅಳುವಿಲ್ಲ. ದೇವರ ಮುಖ ಕಾಣುವ ಭಾಗ್ಯವೊಂದು ಇಲ್ಲ.”

“ನಾನು ಸತ್ತ ಮೇಲೆ ಅವಳನ್ನ ನೋಡ್ತೀನಾ?”

“ನೀನು ಒಳ್ಳೆಯವಳಾಗಿ ಬಾಳಿದರೆ ದೇವರ ಹತ್ತಿರ ಹೋಗುತ್ತೀಯ.”

ಅವಳು ಸೆರಗು ಹೊದ್ದು ಎದ್ದು ಹೋದಳು. ಪಾದ್ರಿಗೆ ಸಂಕಟವಾಯಿತು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆನಲ್ಲ ಎಂದು ಸಮಾಧಾನ ಮಾಡಿಕೊಂಡರು.

ಅವಳಿಗೆ ಬೇರೆ ಮಕ್ಕಳಾಗಲಿಲ್ಲ. ಹದಿನೆಂಟು ವರ್ಷ ಅವಳು ಒಂದು ಭಾನುವಾರವೂ ಪೂಜೆ ತಪ್ಪಿಸಲಿಲ್ಲ. ದೇವಾಲಯದ ಕಸ ಗುಡಿಸಿದಳು, ಯಾರ ಮನೆಯಲ್ಲಿ ಕಾಯಿಲೆಯಾದರೂ ಹೋಗಿ ಕೂತಳು. ಸತ್ಪ್ರಸಾದ ತೆಗೆದುಕೊಳ್ಳುವುದಕ್ಕೆ ಮಾತ್ರ ಏಳುತ್ತಿರಲಿಲ್ಲ. ಪಾದ್ರಿ ಎಷ್ಟು ಸಲ ಕೇಳಿದರೂ ಕಾರಣ ಹೇಳಲಿಲ್ಲ.

ಕೊನೆಗೆ ಅವಳೂ ಹಾಸಿಗೆ ಹಿಡಿದಳು. ಗಂಡ ಹೋಗಿ ಪಾದ್ರಿಯನ್ನು ಕರೆತಂದ. ಅವರು ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆಯನ್ನೂ ಸತ್ಪ್ರಸಾದವನ್ನೂ ತಂದಿದ್ದರು.

“ಎಣ್ಣೆ ಹಚ್ಚಬೇಡಿ ಸ್ವಾಮಿ,” ಎಂದಳು.

“ಯಾಕೆ ತಾಯಿ? ಪಾಪವೆಲ್ಲ ಕಳೆದು ದೇವರ ಹತ್ತಿರ ಹೋಗುವುದು ಬೇಡವೇ?”

“ಅವಳು ಅಲ್ಲಿಲ್ಲ ಅಂತ ನೀವೇ ಹೇಳಿದಿರಲ್ಲ. ಅವತ್ತು ನೀರು ತಳ್ಳಿ ಅವಳನ್ನ ಹೊರಗೆ ಹಾಕಿದೋಳು ನಾನು. ಈಗ ನಾನೊಬ್ಬಳೇ ಒಳಗೆ ಹೋಗಿ ಕೂತ್ಕೊಳ್ಳಲಾ? ಅವಳಿರೋ ಕಡೆಗೇ ಹೋಗ್ತೀನಿ. ಐದು ದಿನದ ಮಗು ಸ್ವಾಮಿ ಅದು. ಎತ್ಕೊಳ್ಳೋಕೆ ಯಾರಾದ್ರೂ ಬೇಡ್ವಾ?”

ಪಾದ್ರಿ ಬುದ್ಧಿ ಹೇಳಿದರು. ಹೆದರಿಸಿದರು. ಕೊನೆಗೆ ಹಾಸಿಗೆಯ ಪಕ್ಕ ಮೊಣಕಾಲೂರಿ, ನಾನು ಹೇಳಿದ್ದು ತಪ್ಪಿರಬಹುದು ತಾಯಿ, ನನಗೆ ಗೊತ್ತಿಲ್ಲ, ನಿಜವಾಗಿ ಯಾರಿಗೂ ಗೊತ್ತಿಲ್ಲ ಎಂದು ಅತ್ತರು. ಹದಿನೆಂಟು ವರ್ಷ ತಡವಾಗಿತ್ತು. ಅವಳು ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿ ಮಲಗಿದಳು. ಹಾಗೆಯೇ ಸತ್ತಳು. ಕೊನೆಯ ಎಣ್ಣೆ, ಸತ್ಪ್ರಸಾದ ಬೇಡವೆಂದವರಿಗೆ ಮಂತ್ರಿಸಿದ ನೆಲದಲ್ಲಿ ಜಾಗವಿಲ್ಲ. ಅವಳನ್ನೂ ಗೋಡೆಯ ಹೊರಗೇ ಹೂಳಿದರು. ಆಮೇಲೆ ಆ ಪಾದ್ರಿ ಬಹಳ ವರ್ಷ ಬದುಕಿದ್ದರು. ಆದರೆ ಯಾವ ಪ್ರಶ್ನೆಗೂ ಥಟ್ಟನೆ ಉತ್ತರ ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಇಷ್ಟು ಹೇಳಿ ರಾಯಪ್ಪಸ್ವಾಮಿಗಳು ಕತೆ ಮುಗಿಸಿದರು. ಇನ್ನಾಸಪ್ಪನಿಗೆ ದುಃಖವೂ ಆಯಿತು, ಸಿಟ್ಟೂ ಬಂತು.

“ಎಂಥ ಹಟ ಸ್ವಾಮಿ ಅದು! ಒಂದು ಕೂಸಿನ ಮೋಹಕ್ಕೆ ಮೋಕ್ಷವನ್ನೇ ಬಿಟ್ಟುಕೊಟ್ಟಳಲ್ಲ. ದೇವರಿಲ್ಲದ ಜಾಗಕ್ಕೆ ಬೇಕೆಂದೇ ಯಾರಾದರೂ ಇಳಿದು ಹೋಗುತ್ತಾರೆಯೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಶಿಲುಬೆಯ ಮೇಲೆ ಸತ್ತ ಪ್ರಭು ಪಾತಾಳಕ್ಕೆ ಇಳಿದರು ಎಂದು ಪ್ರತಿ ಭಾನುವಾರ ಜನರ ಬಾಯಲ್ಲಿ ಹೇಳಿಸುತ್ತೀಯಲ್ಲ ಇನ್ನಾಸಪ್ಪ, ಅಲ್ಲಿಗೆ ಅವರು ಯಾರನ್ನು ಹುಡುಕಿಕೊಂಡು ಹೋದರು?”