ಮೊದಲ ಸಲದ ಉಪ್ಪು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಿವೃತ್ತ ಶಿಕ್ಷಕಿ ತುಂಗಮ್ಮನವರು. ಪೂಜ್ಯ ಮೃಡಾನಿ ಅಮ್ಮನವರ ಆಶ್ರಮದಲ್ಲಿ ಅಂದು ಅವರೂ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಿದ್ದರಂತೆ.

ಆಶ್ರಮವೆಂದರೆ ಹೊಳೆದಂಡೆಯ ಮೇಲೊಂದು ಹೆಂಚಿನ ಮಾಡಿನ ಗುಡಿ, ಪಕ್ಕದಲ್ಲಿ ಹೊಗೆ ಹಿಡಿದ ಅಡುಗೆಮನೆ, ಅಷ್ಟೆ. ಪೀಠ, ಪಲ್ಲಕ್ಕಿ ಯಾವುದೂ ಇಲ್ಲ. ಬೆಳಗಿನ ಹೊತ್ತು ಅಮ್ಮನವರು ಅಡುಗೆಮನೆಯ ಜಗುಲಿಯಲ್ಲಿ ಕುಳಿತು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು. ಒಳಗೆ ಗೌರಮ್ಮನವರ ಆಡಳಿತ.

ನೈವೇದ್ಯಕ್ಕೆ ಮುಂಚೆ ಅಲ್ಲಿ ಯಾರೂ ರುಚಿ ನೋಡುವಂತಿರಲಿಲ್ಲ. ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದರು. ಉಪ್ಪು ಹಾಕಿದವರು "ಉಪ್ಪು ಬಿತ್ತು" ಎಂದು ಗಟ್ಟಿಯಾಗಿ ಹೇಳಬೇಕು. ಒಲೆಯ ಬಳಿ ಇದ್ದ ಇನ್ನೊಬ್ಬರು "ಕೇಳಿತು" ಎನ್ನಬೇಕು. ಆ ಉತ್ತರ ಬಂದ ಮೇಲೆ ಆ ಪಾತ್ರೆಗೆ ಯಾರೂ ಮತ್ತೆ ಉಪ್ಪು ಮುಟ್ಟಿಸುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅತ್ತೆಮನೆಯವರು ಹೊರದೂಡಿದ ವಿಶಾಲು ಎಂಬ ಹೆಂಗಸು ಆಶ್ರಯ ಬೇಡಿ ಬಂದಳು. ಅಮ್ಮನವರು ಅವಳಿಗೆ ಸಾರಿನ ಹೊಣೆ ವಹಿಸಿದರು. ಅಷ್ಟು ವರ್ಷ ಸಾರು ಗೌರಮ್ಮನವರ ಕೈಯದೇ ಆಗಿತ್ತು. "ಆಗಲಿ ಅಮ್ಮ, ತಾವು ಹೇಳಿದ ಹಾಗೆ" ಎಂದರು, ನಗುತ್ತಲೇ. ಅವರು ಯಾರ ಮೇಲೂ ದನಿ ಎತ್ತಿದವರಲ್ಲ. ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಮರುದಿನದಿಂದ ಸಾರಿನ ಸೌಟು ಕುಳ್ಳಿ ವಿಶಾಲುವಿನ ಕೈಗೆಟುಕದ ಗೂಟಕ್ಕೆ ಹೋಯಿತು. ಅವಳು ಏನು ಕೇಳಿದರೂ ಒಂದೇ ಉತ್ತರ: "ನನ್ನನ್ನು ಯಾಕೆ ಕೇಳ್ತೀಯಮ್ಮ, ನಿನಗೆ ಗೊತ್ತಿಲ್ಲದ್ದು ಇದೆಯಾ?"

ಆ ದಿನ ಸಾರು ಕುದಿಯುವಾಗ ವಿಶಾಲು ಉಪ್ಪು ಹಾಕಿ ಕೂಗಿದಳು, "ಉಪ್ಪು ಬಿತ್ತು."

ಗೌರಮ್ಮನವರು ಹುರುಳಿಕಾಯಿಯ ನಾರು ತೆಗೆಯುವುದರಲ್ಲಿ ಮಗ್ನರಾದರು. ಅಷ್ಟರಲ್ಲಿ ಬಾವಿಯ ಕಡೆಯಿಂದ ಯಾರೋ ಕರೆದರು. ನೀರು ಹೊತ್ತು ಬಂದ ವಿಶಾಲು ಒಲೆಯ ಮುಂದೆ ತಡವರಿಸಿ ನಿಂತಳು.

"ಅಕ್ಕಾ, ನಾನು ಉಪ್ಪು ಹಾಕಿದ್ನಾ? ನೀವು 'ಕೇಳಿತು' ಅಂದ ಹಾಗಿರಲಿಲ್ಲ..."

"ಅಯ್ಯೋ, ನಿನ್ನ ಪಾತ್ರೆಯಲ್ಲಿ ನಾನ್ಯಾಕೆ ತಲೆ ಹಾಕಲಿ ತಾಯಿ!"

ಅವಳು ಮತ್ತೊಂದು ಹಿಡಿ ಹಾಕಿದಳು. "ಉಪ್ಪು ಬಿತ್ತು."

"ಕೇಳಿತು" ಎಂದರು ಗೌರಮ್ಮನವರು, ಗಂಟೆ ಹೊಡೆದಂತೆ.

ನೈವೇದ್ಯವಾಯಿತು, ಎಲೆ ಹಾಕಿದರು. ಮೊದಲ ತುತ್ತಿಗೇ ಸಾಲಿಗೆ ಸಾಲೇ ನೀರಿನ ಲೋಟಕ್ಕೆ ಕೈ ಚಾಚಿತು. "ಸಮುದ್ರಸ್ನಾನ ಇಲ್ಲೇ ಆಯ್ತು ಬಿಡಿ" ಎಂದರೊಬ್ಬರು. ಆಶ್ರಮದ ಪಾರುಪತ್ಯಗಾರರು ನಗಲಿಲ್ಲ. "ಅಮ್ಮಾ, ಇವಳು ಇಲ್ಲಿಗೆ ಆಗುವವಳಲ್ಲ. ನಾಳೆ ಬಸ್ಸು ಹತ್ತಿಸಿಬಿಡೋಣ" ಎಂದರು. ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದ ವಿಶಾಲು ಅಲ್ಲೇ ನಿಂತಳು. ಬಸ್ಸು ಹತ್ತಿ ಹೋಗಲು ಅವಳಿಗೆ ಊರಿರಲಿಲ್ಲ.

"ಪಾಪ, ಹೊಸಬಳು" ಎಂದರು ಗೌರಮ್ಮನವರು. "ನಾನಂತೂ ಒಂದು ಮಾತೂ ಆಡಿಲ್ಲ ಅಮ್ಮ."

ಅಮ್ಮನವರು ಒಂದಗುಳೂ ಬಿಡದೆ ಸಾರನ್ನ ಉಂಡರು. ಆಮೇಲೆ ಹೇಳಿದರು, "ಮೊದಲ ಸಲ ಉಪ್ಪು ಬಿದ್ದಾಗ ಜಗುಲಿಯಲ್ಲಿದ್ದೆ. ನನಗೆ ಕೇಳಿತ್ತು. ಒಳಗಿನಿಂದ ಉತ್ತರ ಬರುತ್ತದೆ ಅಂದುಕೊಂಡು ಪೂಜೆಗೆ ಎದ್ದುಹೋದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಇನ್ನೊಂದು ಸೌಟು ಬಡಿಸು ಮಗಳೇ."

ಗೌರಮ್ಮನವರತ್ತ ಅವರು ನೋಡಲೇ ಇಲ್ಲ. ಬೈದಿದ್ದರೆ ಮುನಿಸಿಕೊಳ್ಳಲಾದರೂ ದಾರಿಯಿರುತ್ತಿತ್ತು. ಆ ಸಾರು ಮತ್ತೆ ಅಮ್ಮನವರ ಎಲೆಗೆ ಬೀಳುವುದನ್ನು ನೋಡುತ್ತ ನಿಂತಾಗ, ಇದೇ ಗರ್ಭಗುಡಿಗೂ ಹೋಗಿತ್ತೆಂಬುದು ಗೌರಮ್ಮನವರಿಗೆ ಹೊಳೆಯಿತು. ಕಿವಿಯವರೆಗೂ ಬಿಸಿಯೇರಿತು. ಸೆರಗಿನ ತುದಿಯನ್ನು ಹಿಂಡುತ್ತ "ನನಗೂ ಕೇಳಿತ್ತು ಅಮ್ಮ" ಎಂದರು. ದನಿ ಪಂಕ್ತಿಯ ಅರ್ಧಕ್ಕೂ ತಲುಪಲಿಲ್ಲ.

"ನನಗಲ್ಲ ಗೌರಾ. ಅವಳಿಗೆ ಹೇಳು."

ವಿಶಾಲುವಿನ ಮುಖ ನೋಡಲಾಗದೆ ಬಕೆಟ್ಟನ್ನೇ ನೋಡುತ್ತ, ಎಲ್ಲರಿಗೂ ಕೇಳುವಂತೆ ಗೌರಮ್ಮನವರು ಹೇಳಿದರು, "ಕೇಳಿತ್ತು ಕಣೇ. ಮೊದಲನೇ ಸಲವೇ ಕೇಳಿತ್ತು. ಬೇಕೆಂದೇ ಸುಮ್ಮನಿದ್ದೆ."

ಬಸ್ಸಿನ ಮಾತು ಮತ್ತೆ ಬರಲಿಲ್ಲ. ಗೌರಮ್ಮನವರು ಅದೇ ಸಾರು ಬಡಿಸಿಕೊಂಡು ಉಂಡರು. ಎದ್ದು ಗೂಟದ ಸೌಟನ್ನು ಒಲೆಯ ಪಕ್ಕಕ್ಕೆ ತಂದಿಟ್ಟರು. ಅವರ ಮುನಿಸು ಅಂದಿಗೇ ಪೂರ್ತಿ ಹೋಯಿತೆಂದು ತುಂಗಮ್ಮನವರೂ ಹೇಳಲಿಲ್ಲ. ಆದರೆ ಮುನಿದ ದಿನವೂ ಅವರ "ಕೇಳಿತು" ಬಾವಿಕಟ್ಟೆಯವರೆಗೆ ಹೋಗುತ್ತಿತ್ತಂತೆ.

ಇಷ್ಟು ಹೇಳಿ ತುಂಗಮ್ಮನವರು "ಕೇಳಿತಾ?" ಎಂದಿದ್ದರು. ನಾನೂ ಅದನ್ನೇ ಕೇಳುತ್ತಿದ್ದೇನೆ. ಕೇಳಿದ್ದರೆ ಸುಮ್ಮನಿರಬೇಡಿ, ನಿಮ್ಮ ಜೊತೆ ಕೆಲಸ ಮಾಡುವ ಒಬ್ಬರಿಗಾದರೂ ದಾಟಿಸಿ.