ಗೀರು ಬೀಳದ ಪೆಟ್ಟಿಗೆ

"ಗುರುಗಳೇ, ಕೈಯಲ್ಲಿರುವುದನ್ನು ಕಾಯಬಹುದು. ಇನ್ನೊಬ್ಬರ ಕೈಗೆ ಒಪ್ಪಿಸಿದ್ದನ್ನು ಕಾಯುವುದು ಹೇಗೆ?"

ಶಿಷ್ಯ ಹೀಗೆ ಕೇಳಿದಾಗ ಉಳಿದವರು ನೆಟ್ಟಗೆ ಕೂತರು. ಪ್ರಶ್ನೆ ದೊಡ್ಡದು, ದೇಹ ಆತ್ಮಗಳ ಕಡೆಗೆ ಹೊರಟಿದೆ ಎಂದುಕೊಂಡರು. ಗುರುಗಳು ಅವನ ಮುಖ ನೋಡಿ, "ನೀನು ಏನನ್ನು ಒಪ್ಪಿಸುತ್ತಿದ್ದೀಯ?" ಎಂದರು.

ಶಿಷ್ಯ ತಲೆ ಕೆರೆದುಕೊಂಡ. "ಪೆಟ್ಟಿಗೆಯನ್ನು. ನಾಳಿದ್ದು ವಿಮಾನದಲ್ಲಿ ಹೋಗುತ್ತಿದ್ದೇನೆ. ಹತ್ತುವ ಮೊದಲೇ ಪೆಟ್ಟಿಗೆಯನ್ನು ಅವರಿಗೆ ಕೊಟ್ಟುಬಿಡಬೇಕಂತೆ. ಯಾರ್ಯಾರೋ ಎತ್ತುತ್ತಾರಂತೆ, ಎಲ್ಲೆಲ್ಲೋ ಎಸೆಯುತ್ತಾರಂತೆ. ಎರಡು ಬೀಗ ಹಾಕಿದ್ದೇನೆ. ಮೂರು ಸುತ್ತು ಹಗ್ಗ ಬಿಗಿದಿದ್ದೇನೆ. ಆದರೂ ನಿದ್ದೆ ಬರುತ್ತಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಗುರುಗಳೂ ನಕ್ಕರು. ಆಮೇಲೆ ಕೈಯೆತ್ತಿ ಸುಮ್ಮನಾಗಿಸಿದರು. "ಆತ್ಮದ ವಿಷಯ ಕೇಳಲು ದಿನಕ್ಕೆ ಹತ್ತು ಜನ ಬರುತ್ತಾರೆ. ಅದಕ್ಕಾಗಿ ಒಬ್ಬನಾದರೂ ನಿದ್ದೆಗೆಟ್ಟದ್ದನ್ನು ನಾನು ಕಂಡಿಲ್ಲ. ಇವನು ನಿದ್ದೆಗೆಟ್ಟಿದ್ದಾನೆ. ಆದ್ದರಿಂದ ಇವನದೇ ನಿಜವಾದ ಪ್ರಶ್ನೆ. ನೋಡಪ್ಪ, ಬಂಗಾರ, ಔಷಧಿ, ಕಾಗದಪತ್ರ ಇದ್ದರೆ ಬಗಲಚೀಲದಲ್ಲಿ ಇಟ್ಟುಕೊಂಡು ಹೋಗು. ಅದಕ್ಕೆ ಕತೆ ಬೇಡ. ಉಳಿದದ್ದಕ್ಕೆ ಕತೆ ಬೇಕು."

ಹೀಗೆಂದು ಅವರು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಆ ಸೀಮೆಯಲ್ಲಿ ಮದುವೆ ಎಂದರೆ ಮೊದಲು ಕುಂಬಾರನ ಮನೆಯಿಂದ ಐರಣಿ ಬರಬೇಕು. ಐರಣಿ ಎಂದರೆ ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದ ಗಡಿಗೆಗಳು. ಒಟ್ಟು ಐದು. ಅವನ್ನು ಬಾಜಾ ಬಜಂತ್ರಿಯೊಡನೆ ಮೆರವಣಿಗೆಯಲ್ಲಿ ತಂದು, ನೀರು ತುಂಬಿ, ದೇವರ ಮುಂದೆ ಇಡುತ್ತಾರೆ. ಆಮೇಲೆಯೇ ಹೆಣ್ಣಿಗೆ ಅರಿಶಿನ. ಐದರಲ್ಲಿ ಒಂದು ಸೀಳು ಬಿಟ್ಟರೂ ಹಿರಿಯರ ಮುಖ ಬಾಡುತ್ತದೆ.

ಅದೇ ಊರಿನ ಒಬ್ಬ ವ್ಯಾಪಾರಿ ಸಮುದ್ರ ದಾಟಿ, ಮರಳುಗಾಡಿನ ಪಟ್ಟಣವೊಂದರಲ್ಲಿ ಅಂಗಡಿ ಹಾಕಿದ್ದ. ಮಗಳ ಮದುವೆಯನ್ನು ಅಲ್ಲೇ ಗೊತ್ತುಮಾಡಿದ. ಛತ್ರ ಸಿಕ್ಕಿತು, ಅಡುಗೆಯವರು ಸಿಕ್ಕರು, ಮಂತ್ರ ಹೇಳುವ ಅಯ್ಯನವರೂ ಸಿಕ್ಕರು. ಐರಣಿ ಮಾತ್ರ ಸಿಗಲಿಲ್ಲ. ವ್ಯಾಪಾರಿಯ ತಾಯಿ ಎಂಬತ್ತು ದಾಟಿದ ಮುದುಕಿ. "ಐರಣಿ ಬರಲಾರದ ಹಂದರದಾಗ ನಾ ಕಾಲ ಇಡಾಂಗಿಲ್ಲ" ಎಂದುಬಿಟ್ಟಳು. ಅವಳ ಮಾತು ಮೀರುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ನಾಯಿಗೂ ಇರಲಿಲ್ಲ.

ಮೂರು ತಲೆಮಾರಿನಿಂದ ಆ ಮನೆಗೆ ಐರಣಿ ಕೊಡುತ್ತಿದ್ದದ್ದು ಈ ಕುಂಬಾರನ ಮನೆ. ವ್ಯಾಪಾರಿ ಗಂಡ ಹೆಂಡತಿ ಇಬ್ಬರಿಗೂ ಟಿಕೀಟು ಕಳಿಸಿದ. ಕುಂಬಾರನ ಹೆಂಡತಿ, "ಎಮ್ಮಿ ಈಯೂದೈತಿ. ನೀವು ಗಡಿಗಿ ತಗೊಂಡು ಮುಂದ ನಡೀರಿ. ನಾ ಮದಿವಿಗೆ ಎರಡ ದಿನ ಮೊದಲ ಬರ್ತೀನಿ" ಎಂದಳು.

ಗಡಿಗೆ ವಿಮಾನದಲ್ಲಿ ಹೋಗುತ್ತವೆ ಎಂಬ ಸುದ್ದಿ ಹಬ್ಬಿತು. ಊರಿಗೆ ಊರೇ ಬುದ್ಧಿ ಹೇಳಲು ಬಂತು. ಬಡಿಗ, "ಸಾಗವಾನಿ ಪೆಟ್ಟಿಗಿ ಮಾಡಿ ಕೊಡ್ತೀನಿ. ಆನಿ ತುಳದರೂ ಏನೂ ಆಗಾಂಗಿಲ್ಲ" ಎಂದ. ಮಾಡಿಯೂ ಕೊಟ್ಟ. ಮೂಲೆ ಮೂಲೆಗೆ ಕಬ್ಬಿಣದ ಪಟ್ಟಿ ಬಡಿದ. ನಿವೃತ್ತ ಮಾಸ್ತರರು ಬಂದು ನಾಲ್ಕೂ ಬದಿಗೆ ಮುತ್ತಿನಂಥ ಕನ್ನಡದಲ್ಲಿ "ಒಳಗೆ ಗಡಿಗೆಗಳಿವೆ, ದಯವಿಟ್ಟು ಮೆಲ್ಲಗೆ ಎತ್ತಿರಿ" ಎಂದು ಬರೆದರು. ಮರಳುಗಾಡಿನಲ್ಲಿ ಅದನ್ನು ಓದುವವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮಾಸ್ತರರಿಗೆ ಬೇಸರವಾಗುತ್ತಿತ್ತು.

ಕುಂಬಾರ ಗಡಿಗೆಗಳನ್ನು ತಾನೇ ಜೋಡಿಸಿದ. ಆವಿಗೆಯಲ್ಲಿ ಸುಡುವಾಗ ಹೇಗೆ ಜೋಡಿಸುತ್ತಾನೋ ಹಾಗೆಯೇ, ಒಂದಕ್ಕೆ ಒಂದು ಒತ್ತಿ, ಒಂದರ ಬಾಯಿಗೆ ಇನ್ನೊಂದರ ಅಡಿ ಕೊಟ್ಟು, ಸಂದಿಗೆ ಭತ್ತದ ಹೊಟ್ಟು ಸುರಿದು ಜೋಡಿಸಿದ. ಹಾಗೆ ಜೋಡಿಸಿದ ಗಡಿಗೆ ಅವನ ಕೈಯಲ್ಲಿ ಒಂದೂ ಒಡೆದದ್ದಿಲ್ಲ. ಆವಿಗೆ ಇದ್ದಲ್ಲಿಯೇ ಇರುತ್ತದೆ, ಪೆಟ್ಟಿಗೆ ಊರು ಸುತ್ತುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಎರಡು ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ನಿಲ್ದಾಣದಲ್ಲಿ ಅಧಿಕಾರಿ ಪೆಟ್ಟಿಗೆ ತೆಗೆಸಿದ. ಫ್ಯಾನಿನ ಗಾಳಿಗೆ ಹೊಟ್ಟು ಹಾರಿ ಅವನು ಏಳು ಸಲ ಸೀನಿದ. ಎಂಟನೆಯದು ಬರುವ ಮೊದಲು ಪೆಟ್ಟಿಗೆ ಮುಚ್ಚಿಸಿ, ಮುಂದೆ ಹೋಗೆಂದ. ಕುಂಬಾರ ಪೆಟ್ಟಿಗೆಗೆ ಕೈಮುಗಿದು ವಿಮಾನ ಹತ್ತಿದ.

ವಿಮಾನ ಇಳಿಯಿತು. ಕುಂಬಾರ ಕಿಟಕಿಯ ಪಕ್ಕ ಕೂತಿದ್ದ. ಕೆಳಗೆ ಆಳುಗಳು ಸಾಮಾನು ಇಳಿಸುತ್ತಿದ್ದರು. ಕಬ್ಬಿಣದ ಮೂಲೆಯ ಪೆಟ್ಟಿಗೆ ಹೊರಬಂತು. ಒಬ್ಬ ಅದನ್ನು ದೂಡಿದ. ಅದು ಮೂಲೆಯ ಮೇಲೆ ಬಿತ್ತು. ಏನೂ ಆಗಲಿಲ್ಲ. ಇಂಥ ಗಟ್ಟಿ ಪೆಟ್ಟಿಗೆ ಸಿಕ್ಕಿತೆಂದು ಅವರಿಗೆ ಸಂತೋಷವಾದಂತೆ ಕಂಡಿತು. ಅದನ್ನು ಸಾಮಾನಿನ ಗಾಡಿಯ ತಳಕ್ಕೆ ಎಸೆದು, ಅದರ ಮೇಲೆ ಉಳಿದವರ ಚೀಲಗಳನ್ನೆಲ್ಲ ಒಟ್ಟಿದರು. ಜಾಗ ಸಾಲದಾದಾಗ ಒಬ್ಬ ಕಾಲಿನಿಂದ ಒತ್ತಿ ಸರಿಸಿದ. ಕುಂಬಾರ ಎರಡೂ ಕೈಯಿಂದ ಕಿಟಕಿ ಬಡಿದ. ವಿಮಾನದ ಹುಡುಗಿ ಓಡಿ ಬಂದು ನೀರು ಕೊಟ್ಟಳು. ಮತ್ತೆ ಬಡಿದ. ಮತ್ತೊಂದು ಲೋಟ ನೀರು ಕೊಟ್ಟಳು.

ವ್ಯಾಪಾರಿಯ ಮನೆಯಲ್ಲಿ ಎಲ್ಲರೆದುರು ಬೀಗ ತೆಗೆದರು. ಪೆಟ್ಟಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಮಾಸ್ತರರ ಅಕ್ಷರ ಒಂದೂ ಅಳಿಸಿರಲಿಲ್ಲ. ಒಳಗೆ ಗಡಿಗೆ ಎಂಬುದು ಒಂದೂ ಉಳಿದಿರಲಿಲ್ಲ.

ಮದುವೆಯ ಹೆಣ್ಣು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಮುದುಕಿ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಕುಂಬಾರನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜನ ಕಾಲದಿಂದ ಬಂದ ಮರ್ಯಾದೆ ತನ್ನ ಕೈಯಲ್ಲಿ ಚೂರಾಯಿತಲ್ಲ ಎಂದು ಪೆಟ್ಟಿಗೆಯ ಮೇಲೆ ಕೂತು ಅತ್ತುಬಿಟ್ಟ. ಆಮೇಲೆ ಹೆಂಡತಿಗೆ ಫೋನು ಮಾಡಿದ.

"ಕಟಗರ ಕೈಯಾಗ ಸಿಕ್ಕಿದ್ವಲ್ಲೇ! ಅವರ ಕೈ ಸೇದಿಹೋಗಲಿ! ಈ ಸಲ ಪೂರಾ ಕಬ್ಬಿಣದ ಪೆಟ್ಟಿಗೀನ ಮಾಡಸು."

"ಮೊದಲ ಅಳೂದ ಬಿಡ್ರಿ. ಜೋಡಿ ಐತಿ" ಎಂದಳು ಹೆಂಡತಿ.

ಐರಣಿಯನ್ನು ಜೋಡಿಯಾಗಿ ಸುಡುವುದು ಆ ಮನೆಯ ರೂಢಿ. ಐದು ಗಡಿಗೆ ಮದುವೆಗೆ, ಒಡೆದರೆ ಇರಲೆಂದು ಇನ್ನೈದು ಮನೆಯಲ್ಲಿ. ಮದುವೆ ಮುಗಿಯುವ ತನಕ ಅವನ್ನು ಮಾರುವುದಿಲ್ಲ. ಹೆಂಡತಿ ಆ ಐದು ಗಡಿಗೆಗೆ ಸುಣ್ಣ ಬಳಿದು ಚಿತ್ತಾರ ಬರೆದಳು. ಬಡಿಗನ ಮನೆಗೆ ಹೋದಳು. ಬಡಿಗ ಬೀಗರ ಊರಿಗೆ ಹೋಗಿ ಕೂತಿದ್ದ. ಬೀಗರ ಊರಿಗೆ ಹೋದವನು ಎಂದು ಬರುತ್ತಾನೆ ಎಂದು ಹೇಳುವುದು ಯಾರಿಂದಲೂ ಆಗದ ಕೆಲಸ. ಅವಳು ಕಾಯಲಿಲ್ಲ. ಸಂತೆಗೆ ಒಯ್ಯುವಂತೆಯೇ ಒಯ್ಯುತ್ತೇನೆ ಎಂದು ಮನೆಗೆ ಬಂದಳು.

ಹಳೆಯ ಸೀರೆ ಸುತ್ತಿ ಐದು ದಪ್ಪ ಸಿಂಬಿ ಮಾಡಿದಳು. ಒಂದೊಂದು ಗಡಿಗೆಯನ್ನು ಒಂದೊಂದು ಸಿಂಬಿಯ ಮೇಲೆ ಕೂಡಿಸಿ, ಅಡುಗೆಮನೆಯಲ್ಲಿ ಬೆಣ್ಣೆಗಡಿಗೆ ತೂಗುಹಾಕುವ ನೆಲುವಿನಂತೆ ಸುತ್ತಲೂ ಹಗ್ಗದ ಬಲೆ ಹೆಣೆದಳು. ಮೇಲೆ ಹಿಡಿಯಲು ಒಂದು ಕುಣಿಕೆ ಬಿಟ್ಟಳು. ಬಾಯಿ, ಹೊಟ್ಟೆ, ಚಿತ್ತಾರ ಎಲ್ಲವೂ ಕಾಣುತ್ತಿತ್ತು. ವ್ಯಾಪಾರಿಯ ಹೆಸರು, ಫೋನು ನಂಬರು ಬರೆಸಿದ ಚೀಟಿಯನ್ನು ಪ್ರತಿ ಗಡಿಗೆಯ ಒಳಗೂ ಹಾಕಿದಳು, ಹೊರಗೂ ಕಟ್ಟಿದಳು.

ನಿಲ್ದಾಣದಲ್ಲಿ ಸಾಮಾನು ತೂಗುವ ಗುಮಾಸ್ತ ಹೌಹಾರಿದ. "ಅಮ್ಮಾ, ಇದನ್ನು ಹೀಗೇ ಕಳಿಸೋಕಾಗಲ್ಲ. ಪೆಟ್ಟಿಗೇಲಿ ಹಾಕ್ಕೊಂಡು ಬನ್ನಿ."

"ಹೋದ ವಾರ ಪೆಟ್ಟಿಗ್ಯಾಗ ಹಾಕೇ ಕಳಿಸಿದ್ವಿ ತಮ್ಮಾ. ಪೆಟ್ಟಿಗಿ ಭಾಳ ಚಲೋ ಮುಟ್ಟೇತಿ" ಎಂದಳು ಅವಳು. "ಎಲ್ಲಿ, ಒಂದ ಸಲ ತಟ್ಟಿ ನೋಡು."

ತಟ್ಟಿ ನೋಡದೆ ಗಡಿಗೆಯನ್ನು ಯಾರೂ ಕೊಳ್ಳುವುದಿಲ್ಲ. ಸಂತೆಯಲ್ಲಿ ಅದು ಪದ್ಧತಿ. ಗುಮಾಸ್ತ ಬೆರಳು ಮಡಚಿ ತಟ್ಟಿದ. ಗಡಿಗೆ ಠಣ್ ಎಂದಿತು. ಅವನ ಮುಖ ಅರಳಿತು. ಎರಡನೆಯದನ್ನು ತಟ್ಟಿದ. ಸಾಲಿನಲ್ಲಿ ಹಿಂದೆ ನಿಂತವರೂ ಮುಂದೆ ಬಂದು ತಟ್ಟಿದರು. ಒಬ್ಬಾತ ಕೊಳ್ಳುವವನಂತೆ ಬೆಲೆಯನ್ನೂ ಕೇಳಿದ. ಗುಮಾಸ್ತ ಒಡೆದರೆ ತಾವು ಹೊಣೆಯಲ್ಲ ಎಂಬ ಕಾಗದಕ್ಕೆ ಅವಳ ಸಹಿ ಹಾಕಿಸಿಕೊಂಡ. ಆದರೆ ಗಡಿಗೆಗಳನ್ನು ಓಡುವ ಬೆಲ್ಟಿನ ಮೇಲೆ ಇಡಲು ಅವನಿಗೆ ಮನಸ್ಸು ಬರಲಿಲ್ಲ. ಆಳನ್ನು ಕರೆದು ಕೈಯಲ್ಲಿ ಕೊಟ್ಟ.

ಇಲ್ಲಿ ಗುರುಗಳು ಕತೆ ನಿಲ್ಲಿಸಿ, ಪಕ್ಕದಲ್ಲಿದ್ದ ನೀರಿನ ಗಡಿಗೆಯನ್ನು ಒಬ್ಬನಿಗೆ ಎತ್ತಲು ಹೇಳಿದರು. ಅವನು ಎತ್ತಿದ. "ನೋಡಿದಿರಾ? ಒಂದು ಕೈ ಅಡಿಗೆ ಹೋಯಿತು, ಒಂದು ಕೈ ಕೊರಳಿಗೆ ಹೋಯಿತು. ಇವನಿಗೆ ಯಾರು ಹೇಳಿಕೊಟ್ಟರು?" ಎಂದು ಮತ್ತೆ ಮುಂದುವರಿಸಿದರು.

ಆಚೆಯ ನಿಲ್ದಾಣದ ಬಾಗಿಲಲ್ಲಿ ಕುಂಬಾರ ಕಾಯುತ್ತಿದ್ದ. ವ್ಯಾಪಾರಿ, ಮದುವೆಯ ಹೆಣ್ಣು, ಮುದುಕಿ ಎಲ್ಲರೂ ಬಂದಿದ್ದರು. ಪೆಟ್ಟಿಗೆ ಇಲ್ಲದೆ ತರುತ್ತಿದ್ದಾಳೆ ಎಂದು ತಿಳಿದಾಗಿನಿಂದ ಕುಂಬಾರ ಊಟ ಬಿಟ್ಟಿದ್ದ. ಜನ ಒಬ್ಬೊಬ್ಬರಾಗಿ ಹೊರಗೆ ಬಂದರು. ಹೆಂಡತಿ ಬರಲಿಲ್ಲ. ಕಟ್ಟಕಡೆಗೆ ಬಂದಳು. ಅವಳ ಎರಡೂ ಕೈ ಖಾಲಿ ಇದ್ದವು.

ಅವಳ ಹಿಂದೆ ಸಾಮಾನು ಇಳಿಸುವ ಐವರು ಆಳುಗಳು ಸಾಲಾಗಿ ಬರುತ್ತಿದ್ದರು. ಐವರದು ಐದು ದೇಶ. ಒಬ್ಬೊಬ್ಬನ ಬಳಿ ಒಂದೊಂದು ಗಡಿಗೆ. ಒಬ್ಬ ಹೆಗಲ ಮೇಲೆ ಹೊತ್ತಿದ್ದ. ಒಬ್ಬ ಸೊಂಟದ ಮೇಲೆ ಇಟ್ಟುಕೊಂಡಿದ್ದ. ಒಬ್ಬ ತನ್ನ ಟೋಪಿಯನ್ನೇ ಮಡಚಿ ನೆತ್ತಿಗಿಟ್ಟು ಅದರ ಮೇಲೆ ಕೂಡಿಸಿದ್ದ. ಇನ್ನಿಬ್ಬರು ಕೂಸನ್ನು ಹಿಡಿದಂತೆ ಎದೆಗೆ ಅವಚಿಕೊಂಡಿದ್ದರು. ಅವರವರ ಊರಿನಲ್ಲಿ ಅವರವರ ತಾಯಂದಿರು ಹೇಗೆ ನೀರು ತಂದಿದ್ದರೋ ಹಾಗೆ.

ಕುಂಬಾರ ಓಡಿಹೋಗಿ ಒಂದೊಂದನ್ನೇ ತಟ್ಟಿದ. ಐದೂ ಠಣ್ ಎಂದವು. ಮದುವೆಯ ಹೆಣ್ಣು ಅಳುತ್ತಲೇ ನಕ್ಕಳು. ಮುದುಕಿ ಮಗನನ್ನು ತಿವಿದು, "ಬಾಜಾ ಎಲ್ಲೈತೋ?" ಎಂದಳು. ಬಾಜಾ ಇರಲಿಲ್ಲ. ಮುದುಕಿ ಯಾರನ್ನೂ ಕೇಳದೆ ತಾನೇ ಗಟ್ಟಿಯಾಗಿ ಸೋಬಾನ ಎತ್ತಿಕೊಂಡಳು. ಕುಂಬಾರನ ಹೆಂಡತಿ ದನಿಗೂಡಿಸಿದಳು. ಟ್ಯಾಕ್ಸಿಯವರು ಇಳಿದು ಬಂದು ನೋಡಿದರು. ಐವರು ಆಳುಗಳು ಹಾಡು ಮುಗಿಯುವ ತನಕ ಗಡಿಗೆ ಇಳಿಸಲಿಲ್ಲ. ಮುದುಕಿ ಅವರನ್ನೂ ಮದುವೆಗೆ ಕರೆದಳು. ಅವರು ಬಂದು ಉಂಡೂ ಹೋದರು. ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು.

ಗುರುಗಳು ಕತೆ ಮುಗಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟ.

"ತಿಳಿಯಿತು ಗುರುಗಳೇ. ಕುಂಬಾರನಿಗೆ ಸಿಕ್ಕವರು ಕಟುಕರು. ಅವನ ಹೆಂಡತಿಗೆ ಸಿಕ್ಕವರು ಪುಣ್ಯವಂತರು. ನನ್ನ ಪೆಟ್ಟಿಗೆ ಎಂಥವರ ಕೈಗೆ ಸಿಗುತ್ತದೋ, ಅದು ನನ್ನ ಹಣೆಬರಹ."

"ಎರಡು ಸಲವೂ ಇಳಿಸಿದವರು ಅದೇ ಐದು ಮಂದಿ" ಎಂದರು ಗುರುಗಳು.