ತಮ್ಮನ ಪಾಲಿನ ಗಂಜಿ

ಹೊಳೆದಂಡೆಯ ಆಶ್ರಮಕ್ಕೆ ದೂರದೇಶದ ಮುದುಕಿಯೊಬ್ಬಳು ಬಂದು ಇಳಿದುಕೊಂಡಿದ್ದಳು. ಹೆಸರು ಈಡಿತ್. ನಸುಕಿನಲ್ಲಿ ನೀರಿನ ಪಕ್ಕ ಕೂತರೆ ಮಂಜು ಕರಗುವವರೆಗೂ ಏಳುತ್ತಿರಲಿಲ್ಲ.

ಗುರು ಮರುಳಯ್ಯನವರು ಶಿಷ್ಯ ಶಂಭುಲಿಂಗನಿಗೆ ಆಗಷ್ಟೇ ಇಂಗ್ಲಿಷ್ ಕಲಿಸಲು ಶುರುಮಾಡಿದ್ದರು. ಕಲಿತದ್ದನ್ನು ಆಡಿ ನೋಡುವ ಆಸೆ ಅವನಿಗೆ.

"ಇಲ್ಲಿ ಏನು ಮಾಡ್ತಿದ್ದೀರಿ, ಅಮ್ಮಾ?" ಎಂದು ಇಂಗ್ಲಿಷಿನಲ್ಲೇ ಕೇಳಿದ.

"ಲುಕಿಂಗ್ ಫಾರ್ ಮೈ ಬ್ರದರ್," ಎಂದಳು ಈಡಿತ್, ನೀರಿನಿಂದ ಕಣ್ಣು ತೆಗೆಯದೆ.

ತಮ್ಮನನ್ನು ನೋಡಿಕೊಳ್ಳುತ್ತಿದ್ದಾಳೆ ಎಂದುಕೊಂಡ ಶಂಭು. ಪಾಪ, ಕಾಯಿಲೆಯವನಿರಬೇಕು, ಕೋಣೆಯಲ್ಲೇ ಮಲಗಿರಬೇಕು. ಅಂದಿನಿಂದ ಆಕೆಯ ಬಾಗಿಲಿಗೆ ಎರಡು ಬಟ್ಟಲು ಗಂಜಿ ಒಯ್ಯತೊಡಗಿದ.

ಈಡಿತ್ ಬೇಡವೆನ್ನಲಿಲ್ಲ.

ಒಂದು ಸಂಜೆ ಕೇಳಿಯೇಬಿಟ್ಟ: "ತಮ್ಮನಿಗೆ ಈಗ ಹೇಗಿದೆ?"

ಆಕೆ ಅವನಿಗೆ ತಿಳಿಯುವಂಥ ಸಣ್ಣ ಸಣ್ಣ ಮಾತುಗಳಲ್ಲಿ ಹೇಳಿದಳು. ಕೇಳಿದ ಶಂಭು ಗುರುಗಳ ಬಳಿಗೆ ಓಡಿದ.

"ಗುರುಗಳೇ, ಘಾತವಾಯಿತು. 'ಲುಕ್ ಆಫ್ಟರ್' ಅಂದರೆ ನೋಡಿಕೊಳ್ಳೋದು. 'ಲುಕ್ ಫಾರ್' ಅಂದರೆ ಹುಡುಕೋದು. ನಾನು ಒಂದಕ್ಕೆ ಇನ್ನೊಂದು ತಿಳಿದೆ. ಅವರು ಚಿಕ್ಕಂದಿನಲ್ಲಿ ಈ ಊರಲ್ಲೇ ಇದ್ದರಂತೆ. ಅವರ ತಮ್ಮ ಹುಡುಗನಾಗಿದ್ದಾಗ ಈ ಹೊಳೆಗೆ ಈಜಲು ಇಳಿದವನು ಮೇಲೆ ಬರಲೇ ಇಲ್ಲವಂತೆ. ದೇಹವೂ ಸಿಗಲಿಲ್ಲವಂತೆ. ಇಲ್ಲದವನಿಗೆ ದಿನವೂ ಗಂಜಿ ಕೊಟ್ಟೆನಲ್ಲ!"

"ಆಕೆ ಏನಂದಳು?"

"ಅತ್ತರು. ಆಮೇಲೆ ತಮ್ಮನ ಬಟ್ಟಲು ತಣ್ಣಗಾಗುತ್ತೆ ಅಂತ ತಟ್ಟೆ ಮುಚ್ಚಿದರು."

ಶಂಭು ಮೆಲ್ಲಗೆ ಕೇಳಿದ:

"ನಾಳೆ ಒಂದೇ ಬಟ್ಟಲು ಒಯ್ಯಲೇ?"

ಮರುದಿನ ಬೆಳಗ್ಗೆ ಗುರುಗಳು ತಾವೇ ಒಲೆಯ ಮುಂದೆ ಕೂತು ಎರಡು ಬಟ್ಟಲಿಗೆ ಗಂಜಿ ಬಡಿಸಿ ಶಂಭುವಿನ ಕೈಗಿಟ್ಟರು. ಅವನ ಹಿಂದೆಯೇ ಹೊಳೆಗೆ ನಡೆದರು.

ದಂಡೆಯಲ್ಲಿ ಮಂಜು ದಟ್ಟವಾಗಿತ್ತು. ನೀರೆಲ್ಲಿ, ನೆಲವೆಲ್ಲಿ ತಿಳಿಯುತ್ತಿರಲಿಲ್ಲ. ಗಂಜಿಯ ಹಬೆ ಎದ್ದು ಅದರೊಳಗೇ ಸೇರಿಹೋಗುತ್ತಿತ್ತು.

ಶಂಭು ತಲೆ ತಗ್ಗಿಸಿ ಬಟ್ಟಲುಗಳನ್ನು ಕೆಳಗಿಟ್ಟ. ಈಡಿತ್ ಒಂದನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಇನ್ನೊಂದನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕಡೆ ಚಾಚಿದಳು. ಪಕ್ಕದ ಕಲ್ಲನ್ನು ಒರೆಸಿ ಜಾಗ ಮಾಡಿದಳು.

ಶಂಭು ಕೂತ. ಒಂದು ಗುಟುಕು ಬಾಯಿಗೆ ಹಾಕಿಕೊಂಡ.

"ಗುರುಗಳೇ," ತೊದಲಿದ, "ಇದಕ್ಕೆ ಯಾವುದು? ಫಾರೋ, ಆಫ್ಟರೋ?"

ಮಂಜಿನೊಳಗಿನಿಂದ ಗುರುಗಳ ದನಿ ಬಂತು:

"ಬಾಯಲ್ಲಿ ಗಂಜಿ ಇಟ್ಟುಕೊಂಡು ಮಾತಾಡಬಾರದು, ಶಂಭು. ಕುಡಿ."